ಎರಡು ಪಾಯಿಂಟ್ ನಾಲ್ಕು ಸೆಕೆಂಡು

ಹಿಂದಿನ ಕೋಣೆ, ನಮ್ಮನೆ
ಮಾರ್ಚ್ ೯, ಬೆಳಗ್ಗೆ ಹತ್ತೂವರೆ

ಪ್ರೀತಿಯ ಸೂಜಿ,

ಹೇಗಿದ್ದೀಯ? ಬೆನ್ನುನೋವು ಹೇಗಿದೆ? ಅಲ್ಲಿಯೂ ದಿನವಿಡೀ ಕೂತು ಮಾಡುವ ಕೆಲಸವೇ ಸಿಕ್ಕಿದೆಯಂತೆ. ಕಿವಿ ಪರೀಕ್ಷೆ ಮಾಡುವ ಕಡೆ ಜನರ ತಲೆಗೆ ಹೆಡ್‌ಫೋನ್ ಹಾಕಿ “ಕೇಳಿಸ್ತಾ?” ಅನ್ನುತ್ತಾ ಕೂರುವುದಂತೆ, ಚಿಕ್ಕಮ್ಮ ಹೇಳಿದಳು. ವಿಳಾಸವನ್ನೂ ಅವಳೇ ಕೊಟ್ಟಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ, ಒಂದು ವಾರ ಅವಳ ತಲೆ ತಿಂದ ಮೇಲೆ ಬಾಯಿ ಬಿಟ್ಟದ್ದು. ಕುರ್ಚಿಯಲ್ಲಿ ಬೆನ್ನ ಹಿಂದೆ ಒಂದು ದಿಂಬು ಇಟ್ಟುಕೋ. ಇಲ್ಲಿದ್ದಾಗ ಒಂದು ದಿನವೂ ಈ ಮಾತು ಹೇಳದ ಅಣ್ಣ ಈಗ ಹೇಳುತ್ತಿದ್ದಾನೆ ಅಂತ ಅಂದುಕೊಳ್ಳುತ್ತೀಯ. ಅಂದುಕೋ.

ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಮನೆಯಲ್ಲಿ ನನ್ನ ಜೊತೆ ಮಾತಾಡುವವಳು ಈಗ ಒಬ್ಬಳೇ, ಕಂಪ್ಯೂಟರಿನೊಳಗೆ ಕೂತು ಪರದೆ ಓದಿ ಹೇಳುವ ಆ ಮಷೀನಮ್ಮ. ಈ ಪತ್ರಕ್ಕೆ ನಾನು ಒತ್ತುವ ಒಂದೊಂದು ಅಕ್ಷರವನ್ನೂ ಅವಳು ಏರಿಳಿತವಿಲ್ಲದೆ ಒಪ್ಪಿಸುತ್ತಿದ್ದಾಳೆ. ಕಣ್ಣು ಕಾಣದವನಿಗೆ ಅವಳಿಲ್ಲದೆ ಗತಿಯಿಲ್ಲ, ನಿಜ. ಆದರೆ ಏನು ಬೈದರೂ ತಿರುಗಿ ಬೈಯುವುದಿಲ್ಲ, ಅದೇ ಬೇಜಾರು. ನಿನ್ನ ಕೋಣೆಗೆ ವಾರಕ್ಕೊಮ್ಮೆ ಕಸ ಗುಡಿಸಲು ಹೋಗುತ್ತೇನೆ. ಹಾಸಿಗೆ, ಬಟ್ಟೆ, ಕಿಟಕಿಯ ಪರದೆ ಎಲ್ಲ ಒಯ್ದೆಯಲ್ಲ, ಅಲ್ಲಿ ಈಗ ನಾನು ಕೆಮ್ಮಿದರೆ ನಾಲ್ಕೂ ಗೋಡೆ ಕೆಮ್ಮುತ್ತವೆ. ಮೊದಮೊದಲು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ, ಸದ್ದು ಎಷ್ಟು ಹೊತ್ತು ಉಳಿಯುತ್ತದೆಂದು ಎಣಿಸುತ್ತಿದ್ದೆ, ಹಾಡುಗಳ ದನಿ ಹದ ಮಾಡುವ ಕಸುಬಿನ ಚಟ. ಈಗ ಬಿಟ್ಟಿದ್ದೇನೆ. ಒಂಟಿಯಾಗಿದ್ದೇನೆ ಸೂಜಿ, ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ವಿಷಯಕ್ಕೆ ಬರುತ್ತೇನೆ. ಹಾಡುವ ಅಜ್ಜಿಯ ಎರಡನೇ ಆಲ್ಬಂ ಇನ್ನೂ ಹೊರಬಂದಿಲ್ಲ. ಎಂಟು ಹಾಡಿನಲ್ಲಿ ಐದು ಸರಿಯಿವೆ, ಕೊನೆಯ ಮೂರನ್ನು ಆಲ್ಬಂ ಕಂಪನಿಯಾತ ನೀನು ಹೋದ ಮರುವಾರವೇ ವಾಪಸ್ ಕಳಿಸಿದ. “ದನಿ ನೀರಲ್ಲಿ ಮುಳುಗಿದ ಹಾಗಿದೆ, ನಿಮ್ಮ ಮೊದಲಿನ ಕೈ ಇದರಲ್ಲಿ ಕಾಣ್ತಿಲ್ಲ” ಅಂದ. ಅಜ್ಜಿಗೆ ಎಪ್ಪತ್ತೆಂಟು. ಮತ್ತೆ ಹಾಡಿಸೋಣವೆಂದರೆ ಈ ಚಳಿಗಾಲದಲ್ಲಿ ಅವರ ಗಂಟಲು ಪೂರ್ತಿ ಕೂತುಹೋಯಿತು, ಇನ್ನು ಏಳುವ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. ಅಂದರೆ ಆ ಮೂರೂ ಅವರ ಕೊನೆಯ ಹಾಡುಗಳು, ಇರುವುದನ್ನೇ ಸರಿ ಮಾಡಬೇಕು. ಈ ತಿಂಗಳ ಕೊನೆಯೊಳಗೆ ಕೊಡದಿದ್ದರೆ ಬೇರೆಯವರಿಗೆ ಒಪ್ಪಿಸುತ್ತೇನೆಂದು ಆತ ಮೊನ್ನೆ ಹೇಳಿಬಿಟ್ಟ. ನಾನು ಮೊದಲು ತಪ್ಪನ್ನು ಅಜ್ಜಿಯ ಗಂಟಲಿನ ಮೇಲೆ ಹಾಕಿದೆ, ಆಮೇಲೆ ಕಂಪ್ಯೂಟರಿನಲ್ಲಿ ದನಿಗೆ ಅನುರಣನ ಸೇರಿಸಲು ಹೊಸದಾಗಿ ತಂದ ರಿವರ್ಬ್ ಪ್ಲಗಿನ್ನುಗಳ ಮೇಲೆ.

ನಮ್ಮ ಹಳೇ ಪ್ಲಗಿನ್ ನೆನಪಿದೆ ತಾನೇ? ಒಣ ದನಿಯ ಸುತ್ತ ಒಂದು ಕೋಣೆ ಕಟ್ಟಿಕೊಡುವುದು ಅದರ ಕೆಲಸ. ಹಾಡು ನಿಂತ ಮೇಲೂ ಸದ್ದು ಎಷ್ಟು ಸೆಕೆಂಡು ಉಳಿಯಬೇಕು ಅಂತ ಹೇಳಿದರೆ ಅಷ್ಟು ಹೊತ್ತು ಉಳಿಸುತ್ತದೆ. ಅದರ ಮುಖವನ್ನು ನೀನು ಮೊದಲ ದಿನ ನನಗೆ ವರ್ಣಿಸಿದ್ದು ನೆನೆದು ಈಗಲೂ ಒಬ್ಬನೇ ನಗುತ್ತೇನೆ. “ಮರದ ಚೌಕಟ್ಟು, ಹಿತ್ತಾಳೆ ತಿರುಪು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಬೇರೆ ಬಿಡಿಸಿದ್ದಾರೆ ದೊರೆಗಳೇ, ಬಿಚ್ಚಿದ್ರೆ ಏನು ಬೀಳುತ್ತೋ” ಅಂದಿದ್ದೆ. ಎಲ್ಲವೂ ಚಿತ್ರ. ಚಿತ್ರವಾದ್ದರಿಂದ ಮಷೀನಮ್ಮನಿಗೆ ಅದರಲ್ಲಿ ಓದಲು ಏನೂ ಇರಲಿಲ್ಲ. ಅದಕ್ಕೇ ನಾನು ಲೆಕ್ಕ ಹೇಳುವುದು, ನೀನು ಮೌಸ್ ಹಿಡಿದು ತಿರುಪು ತಿರುಗಿಸುವುದು, ಆರು ವರ್ಷ ಹಾಗೇ ನಡೆಯಿತು.

ನೀನು ಹೋದ ಮೇಲೆ ನಾನೇ ಓಡಿಸಬಲ್ಲ ಪ್ಲಗಿನ್ ಹುಡುಕಲು ಹೊರಟೆ. ಹದಿನಾಲ್ಕನ್ನು ತಂದು ನೋಡಿದ್ದೇನೆ. ಒಂದರ ಮೇಲೆ ಹೋದರೆ ಮಷೀನಮ್ಮ “ಗುಂಡಿ, ಗುಂಡಿ, ಗುಂಡಿ, ಗುಂಡಿ” ಅನ್ನುತ್ತಾಳೆ, ಯಾವುದರ ಗುಂಡಿ ಅಂತ ಅವಳಿಗೂ ಗೊತ್ತಿಲ್ಲ. ಇನ್ನೊಂದರಲ್ಲಿ ಸೆಕೆಂಡಿನ ಬದಲು ಸೊನ್ನೆ ಪಾಯಿಂಟ್ ಮೂರು ಏಳು ಒಂದು ನಾಲ್ಕು ಅಂತೆಲ್ಲ ಬರುತ್ತದೆ. ಮತ್ತೊಂದರಲ್ಲಿ ಒಂದು ಗೋಳವಂತೆ, ಅದನ್ನು ಬೆರಳಲ್ಲಿ ಎಳೆದಾಡಿದರೆ ಕೋಣೆ ಹಿಗ್ಗುತ್ತದಂತೆ, ಕುಗ್ಗುತ್ತದಂತೆ. ಬಹಳ ಸುಂದರವಾಗಿದೆ ಅಂತ ಎಲ್ಲರೂ ಹೊಗಳಿದ್ದಾರೆ. ಕಣ್ಣಿದ್ದವರ ಹಬ್ಬ ಅದು, ನನಗೆ ಅದರ ಬಾಗಿಲೂ ಸಿಗಲಿಲ್ಲ. ಕೊನೆಗೆ ಯಾರೋ ಒಬ್ಬನೇ ಕೂತು ಮಾಡಿದ ಬಡಪಾಯಿ ಪ್ಲಗಿನ್ ಒಂದು ಸಿಕ್ಕಿತು. ಚಿತ್ರವಿಲ್ಲ, ಬಣ್ಣವಿಲ್ಲ, ಹತ್ತು ಸಾಲಿನ ಪಟ್ಟಿ. ಸಾಲಿಗೊಂದು ಹೆಸರು, ಮುಂದೆ ಒಂದು ಸಂಖ್ಯೆ. ಬಾಣದ ಕೀಲಿ ಒತ್ತಿದರೆ ಮೇಲೆ ಕೆಳಗೆ. ನೋಡಿದವರು ದಿನಸಿ ಚೀಟಿ ಹಾಗಿದೆ ಅನ್ನಬಹುದು. ನಾನಂತೂ ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮುಗಿದು, ನನ್ನ ಲೆಕ್ಕ ಹಾಕಿದೆ. ನಿಧಾನದ ಹಾಡಿಗೆ ಎರಡು ಪಾಯಿಂಟ್ ನಾಲ್ಕು ಸೆಕೆಂಡು. ಅಜ್ಜಿ ಬಾವಿಯೊಳಗಿಂದ ಹಾಡಿದ ಹಾಗೆ ಕೇಳಿತು. ಇದೂ ಕೆಟ್ಟ ಪ್ಲಗಿನ್ ಅಂತ ತೆಗೆದು ಪಕ್ಕಕ್ಕೆ ಇಟ್ಟೆ. ಉಳಿದವುಗಳಲ್ಲಿ ಎರಡು ಮೂರನ್ನು ಚಿಕ್ಕಮ್ಮನ ಕೈಯಿಂದ ಓಡಿಸಿ ನೋಡಿದೆ, ಅವುಗಳಲ್ಲೂ ಅದೇ ಬಾವಿ. ಇಡೀ ಜಗತ್ತಿನಲ್ಲಿ ನಮ್ಮ ಹಳೇ ಪ್ಲಗಿನ್ ಒಂದೇ ಎರಡು ಪಾಯಿಂಟ್ ನಾಲ್ಕನ್ನು ಎರಡು ಪಾಯಿಂಟ್ ನಾಲ್ಕಾಗಿ ನುಡಿಸುತ್ತದೆ ಅಂತ ತೀರ್ಮಾನ ಮಾಡಿ, ಅದರ ಕಂಪನಿಗೆ ಉದ್ದದ ಪತ್ರ ಬರೆದೆ. ನಿಮ್ಮ ಸ್ಕ್ರೂ ನನಗೆ ಕಾಣುವುದಿಲ್ಲ, ಸಂಖ್ಯೆಗಳನ್ನಾದರೂ ಓದುವ ಹಾಗೆ ಮಾಡಿ ಅಂತ. ನನಗೆ ಕೋಪ ಬಂದರೆ ಹೇಗೆ ಬರೆಯುತ್ತೇನೆ ಅಂತ ನಿನಗೆ ಗೊತ್ತು. ಅಲ್ಲಿ ಗಿರಾಕಿಗಳಿಗೆ ಉತ್ತರ ಬರೆಯುವ ಒಬ್ಬ ಹೆಂಗಸು ತಾಳ್ಮೆಯಿಂದ ಎಲ್ಲ ಕೇಳಿ ಬರೆದುಕೊಂಡಳು. ಆರು ತಿಂಗಳು ಕಳೆದು ಹೋದ ಸೋಮವಾರ ಹೊಸ ಆವೃತ್ತಿ ಬಂತು. ತಿರುಪಿನ ಮೇಲೆ ನಿಂತರೆ ಮಷೀನಮ್ಮ ಹೆಸರು ಹೇಳುತ್ತಾಳೆ, ಸಂಖ್ಯೆ ಹೇಳುತ್ತಾಳೆ. ಕುರ್ಚಿಯಲ್ಲಿ ಕೂತಲ್ಲೇ ಕುಣಿದುಬಿಟ್ಟೆ.

ಮೊದಲು ತೆರೆದದ್ದು ಅಜ್ಜಿಯ ಹಿಂದಿನ ಆಲ್ಬಮ್ಮಿನ ಮೊದಲ ಹಾಡು, ಪತ್ರಿಕೆಯವರೆಲ್ಲ ಹೊಗಳಿದರಲ್ಲ, ಅದೇ. “ಉಳಿಯುವ ಹೊತ್ತು, ಒಂದು ಪಾಯಿಂಟ್ ಆರು ಸೆಕೆಂಡು” ಅಂದಳು ಮಷೀನಮ್ಮ. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡು ಎರಡನೇ ಹಾಡು ತೆರೆದೆ. ಒಂದು ಪಾಯಿಂಟ್ ಐದು. ಮೂರನೆಯದು ಒಂದು ಪಾಯಿಂಟ್ ಏಳು. ಒಂಬತ್ತು ಹಾಡಿನಲ್ಲಿ ಒಂದರಲ್ಲೂ ನಾನು ಹೇಳಿದ ಸಂಖ್ಯೆ ಇಲ್ಲ. ಹೊಸ ಆಲ್ಬಮ್ಮಿನ ಮೊದಲ ಐದರಲ್ಲೂ ಇಲ್ಲ. ಮೂಗಿನ ತುದಿಯ ಕೋಪ ಇದ್ದೇ ಇದೆಯಲ್ಲ, ಕಂಪನಿಗೆ ಮತ್ತೆ ಬರೆದೆ, ನಿಮ್ಮ ಹೊಸ ಆವೃತ್ತಿ ನನ್ನ ಹಳೇ ಕೆಲಸವನ್ನೆಲ್ಲ ಹಾಳು ಮಾಡಿದೆ ಅಂತ. ಆ ಹೆಂಗಸು ಮಾರನೇ ದಿನವೇ ಉತ್ತರಿಸಿದಳು. ಸಂಖ್ಯೆಗಳು ಬದಲಾಗಿಲ್ಲ ಸಾರ್, ಮೊದಲಿಂದ ಇದ್ದದ್ದೇ ಇವು, ಈಗ ಓದಲು ಬರುತ್ತಿದೆ ಅಷ್ಟೇ ಅಂತ.

ಅದನ್ನು ಮಷೀನಮ್ಮನಿಂದ ನಾಲ್ಕು ಸಲ ಓದಿಸಿಕೊಂಡೆ. ಆಗ ನೆನಪಾಯಿತು ಎರಡನೇ ಕ್ಲಿಕ್. ನಾನು ಸಂಖ್ಯೆ ಹೇಳುತ್ತಿದ್ದೆ, ಮೌಸಿನ ಒಂದು ಕ್ಲಿಕ್ ಕೇಳುತ್ತಿತ್ತು, ಸ್ವಲ್ಪ ಬಿಟ್ಟು ಇನ್ನೊಂದು ಸಣ್ಣ ಕ್ಲಿಕ್. ಆಮೇಲೆ ನೀನು “ಇಟ್ಟೆ” ಅನ್ನುತ್ತಿದ್ದೆ. ಹಾಡು ಹಾಕಿದರೆ ಅಜ್ಜಿಯ ದನಿಗೆ ಎಷ್ಟು ಬೇಕೋ ಅಷ್ಟೇ ಗಾಳಿ. ನಾನು ಕುರ್ಚಿಗೆ ಒರಗಿ “ನೋಡಿದ್ಯಾ, ಹೇಳ್ಲಿಲ್ವಾ?” ಅನ್ನುತ್ತಿದ್ದೆ. ಆ ಎರಡನೇ ಕ್ಲಿಕ್ ನನ್ನ ಕಿವಿಗೆ ಬೀಳದೆ ಇರಲಿಲ್ಲ ಸೂಜಿ, ಪ್ರತಿ ಸಲವೂ ಬಿದ್ದಿದೆ. ಮೌಸ್ ಕೆಟ್ಟಿದೆ ಅಂದುಕೊಂಡಿದ್ದೆ. ಅಂಗಡಿಯವನ ಜೊತೆ ಜಗಳವಾಡಿ ಹೊಸದು ತಂದು ಕೊಟ್ಟೆ. ನೀನು ಅದನ್ನೂ ತೆಗೆದುಕೊಂಡು ಜೋಡಿಸಿದೆ. ಇಂಥ ಕಿವಿ ನನ್ನದು.

ಈಗ ಆ ಸಂದರ್ಶನದ ಮಾತಿಗೆ ಬರಬೇಕು. ಹೋದ ವರ್ಷ ಪತ್ರಿಕೆಯವಳು ಇದೇ ಕೋಣೆಗೆ ಬಂದು ಕೂತಾಗ ನನಗೆ ಕೊಂಬು ಬಂದಿತ್ತು. ನಿಧಾನದ ಹಾಡಿಗೆ ಎರಡು ಪಾಯಿಂಟ್ ನಾಲ್ಕು, ಅದರಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಅಂತ ಪಾಠ ಹೇಳಿದೆ. ಅವಳು ಅದನ್ನೇ ತಲೆಬರಹ ಮಾಡಿದಳು. ಬಾಗಿಲ ಹತ್ತಿರ ನೀನು ಟೀ ಹಿಡಿದು ನಿಂತಿದ್ದೆ, ಇವರು ಯಾರು ಅಂತ ಅವಳು ಕೇಳಿದಳು. “ನನ್ನ ತಂಗಿ, ಮೌಸ್ ಹಿಡೀತಾಳೆ” ಅಂದೆ. ಬಟ್ಟಲು ತಟ್ಟೆಗೆ ತಾಗಿದ ಸದ್ದು ನನಗೆ ಕೇಳಿಸಿತು, ಕೇಳಿಸಿದರೂ ಮಾತು ಮುಂದುವರಿಸಿದೆ. ಅದೇ ಸಂಜೆ ನೀನು ಕೇಳಿದೆ, ಹೊಸ ಆಲ್ಬಮ್ಮಿನಲ್ಲಿ ಒಂದು ಮೂಲೆಯಲ್ಲಿ ಚಿಕ್ಕದಾಗಿ ನನ್ನ ಹೆಸರೂ ಇರಲಿ ಅಂತ. ರಸ್ತೆ ದಾಟಿಸಿದವರ ಹೆಸರನ್ನೆಲ್ಲ ಬರೆಯೋಕಾಗುತ್ತಾ ಅಂತ ನಾನು ನಕ್ಕೆ. ಮೂರು ವಾರದ ಮೇಲೆ ನೀನು ಹೊರಟೆ.

ನನ್ನನ್ನು ಸುಡುತ್ತಿರುವುದು ನೀನು ಸಂಖ್ಯೆ ಬದಲಿಸಿದ್ದಲ್ಲ. ಆವತ್ತು ಒಂದೇ ಒಂದು ವಾಕ್ಯದಲ್ಲಿ ನನ್ನನ್ನು ನೆಲಕ್ಕೆ ಕೆಡವಬಹುದಿತ್ತು, ಆ ವಾಕ್ಯ ನಿನ್ನ ನಾಲಿಗೆಯ ಮೇಲೆ ಆರು ವರ್ಷದಿಂದ ಕೂತಿತ್ತು, ನೀನು ನುಂಗಿಕೊಂಡೆ. ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿಲ್ಲ. ನಾನು ಪೂರ್ತಿ ದಡ್ಡನಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಸರಿಯಾದದ್ದು ಕೇಳಿದರೆ ಅದು ಸರಿ ಅಂತ ನನಗೆ ತಿಳಿಯುತ್ತದೆ. ಅಲ್ಲಿಗೆ ಹೋಗುವುದು ತಿಳಿಯದು. ಈಗ ಆ ದಿನಸಿ ಚೀಟಿ ಪ್ಲಗಿನ್ನಿನಲ್ಲಿ ಒಂದು ಪಾಯಿಂಟ್ ಆರು ಇಡುತ್ತೇನೆ, ಒಂದು ಪಾಯಿಂಟ್ ಎಂಟು ಇಡುತ್ತೇನೆ, ಹೌದೇನೋ ಅನ್ನಿಸುತ್ತದೆ, ಐದು ನಿಮಿಷಕ್ಕೆ ಅಲ್ಲ ಅನ್ನಿಸುತ್ತದೆ. ಪಕ್ಕದ ಕುರ್ಚಿಗೆ ತಿರುಗಿ “ಹೇಗಿದೆ?” ಅಂದುಬಿಡುತ್ತೇನೆ. ಒಂದೇ ಹಾಡಿನ ಮೇಲೆ ಐದು ದಿನ ಕೂತಿದ್ದೇನೆ.

ನಿನ್ನೆ ಕಂಪನಿಯಾತನಿಗೆ ಫೋನ್ ಮಾಡಿ, ಆಲ್ಬಮ್ಮಿನ ಮೇಲೆ ನಿನ್ನ ಹೆಸರು ಮೊದಲು, ನನ್ನದು ಆಮೇಲೆ ಅಂತ ಹೇಳಿದ್ದೇನೆ. ಯಾಕೆ ಅಂದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗಾದ್ರೆ ಆ ಮೂರು ಹಾಡು ಯಾರು ಮಾಡ್ತಾರೆ ಅಂತ ಕೇಳಿದ. ತಿಂಗಳ ಕೊನೆವರೆಗೆ ತಾಳಿ ಅಂದು ಫೋನ್ ಇಟ್ಟೆ. ಇದಕ್ಕಾಗಿ ವಾಪಸ್ ಬಾ ಅಂತ ನಾನು ಕರೆಯುತ್ತಿಲ್ಲ. ನಿನಗೀಗ ಒಂದು ಕೆಲಸವಿದೆ, ಅಲ್ಲಿ ಜನ ನಿನ್ನನ್ನು ನಿನ್ನ ಹೆಸರಿಂದ ಕರೆಯುತ್ತಾರೆ. ತಪ್ಪು ನನ್ನದು ಅಂತ ಒಪ್ಪಿಕೊಳ್ಳಲು ಬರೆದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ.

ಬೆನ್ನು ಜೋಪಾನ, ಊಟ ತಪ್ಪಿಸಬೇಡ. ಕೈ ತುಂಬ ಕೆಲಸ, ಕಣ್ಣು ತುಂಬ ನಿದ್ದೆ ಇರಲಿ ನಿನಗೆ. ಜೆರಾಕ್ಸ್ ಅಂಗಡಿಯವನು ಇದನ್ನು ಮುದ್ರಿಸುವಾಗ ಪೂರ್ತಿ ಓದಿಯೇ ಓದುತ್ತಾನೆ, ಓದಲಿ.

ನಿನ್ನ
ಅಣ್ಣ

ತಾ.ಕ.: ಹೊರಡಲು ಚಪ್ಪಲಿ ಹಾಕಿದವನು ವಾಪಸ್ ಬಂದು ಕೂತಿದ್ದೇನೆ. ಆ ಕೊನೆಯ ಮೂರು ಹಾಡುಗಳಿಗೆ ನೀನು ಉಳಿಸಿಟ್ಟ ಹಳೇ ಕಡತಗಳನ್ನು ಇಷ್ಟು ದಿನ ತೆರೆದಿರಲಿಲ್ಲ, ಧೈರ್ಯ ಸಾಲದೆ. ಈಗ ತೆರೆದೆ. ಎರಡು ಪಾಯಿಂಟ್ ನಾಲ್ಕು, ಎರಡು ಪಾಯಿಂಟ್ ನಾಲ್ಕು, ಎರಡು ಪಾಯಿಂಟ್ ನಾಲ್ಕು. ಮೂರರಲ್ಲೂ ನಾನು ಹೇಳಿದಷ್ಟೇ ಇಟ್ಟಿದ್ದೀಯ. ಮೊದಲನೆಯದನ್ನು ಉಳಿಸಿದ ತಾರೀಕು ಓದಿಸಿದೆ, ಸಂದರ್ಶನದ ಮಾರನೇ ದಿನ. ಬ್ಯಾಗ್ ಹಿಡಿದು ಬಾಗಿಲು ದಾಟಿದ್ದು ಆಮೇಲಿರಬಹುದು, ನೀನು ನನ್ನನ್ನು ಬಿಟ್ಟು ಹೋದದ್ದು ಆವತ್ತೇ. ಪಕ್ಕದಲ್ಲೇ ಕೂತಿದ್ದೆ, ನನಗೆ ತಿಳಿಯಲಿಲ್ಲ. ಮೂರನ್ನೂ ಪೆನ್‌ಡ್ರೈವಿಗೆ ಹಾಕಿ ಈ ಕವರಿನಲ್ಲೇ ಇಡುತ್ತಿದ್ದೇನೆ, ನೀನು ಒಯ್ದ ಲ್ಯಾಪ್‌ಟಾಪಿನಲ್ಲಿ ನಮ್ಮ ಹಳೇ ಪ್ಲಗಿನ್ ಇನ್ನೂ ಇರಬೇಕು. ನನ್ನ ಸಂಖ್ಯೆಗಳನ್ನು ಹಾಗೇ ಬಿಟ್ಟಿದ್ದೇನೆ. ಅಜ್ಜಿಗೋಸ್ಕರವಾದರೂ, ಸೂಜಿ, ದಯವಿಟ್ಟು ನನ್ನ ಮಾತು ಕೇಳಬೇಡ.