ಮಕರದ ಬಾಲ

ಹಳೇಬೀಡು
೧೮–೧–೨೦೨೬, ಭಾನುವಾರ

ಪ್ರೀತಿಯ ಯದುಗಿರಿ,

ಸಂಕ್ರಾಂತಿಗೆಂದು ಬಾಣಾವರದ ತವರಿಗೆ ಹೋದವಳು ಫೋನ್ ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಮಾತಿಗೆ ಸಿಕ್ಕರೆ ಹೇಗಾದರೂ ನಿನ್ನನ್ನು ನಗಿಸಿ ಜಾರಿಕೊಂಡುಬಿಡುತ್ತೇನೆ. ಗೈಡ್‌ನ ಬಾಯಿ, ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪ್ರವಾಸಿಗರು ನನ್ನ ಮಾತನ್ನು ಹಿಡಿದ ಆ ವಿಡಿಯೊ ನಿನ್ನ ಕಾಲೇಜಿನವರೆಗೂ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ದೇವಸ್ಥಾನದ ಗೋಡೆಯ ಮೇಲಿನ ಮಕರದ ಬಾಲ ತೋರಿಸಿ, ಇದೇ ಸುರುಳಿ ಗೆಲಾಕ್ಸಿ, ಹೊಯ್ಸಳರಿಗೆ ಆಗಲೇ ಗೊತ್ತಿತ್ತು ಅಂದೆ. ಯಾರೋ ಒಬ್ಬರು ನಂಬದೆ ನಕ್ಕರು. ರೇಗಿಹೋಯಿತು. ನನ್ನ ಹೆಂಡತಿ ಅರಸೀಕೆರೆಯಲ್ಲಿ ಫಿಸಿಕ್ಸ್ ಲೆಕ್ಚರರ್, ಅವಳೇ ನೋಡಿ ಹೇಳಿದ್ದು ಅಂದುಬಿಟ್ಟೆ. ನಿನ್ನ ಹುಡುಗರು ಅದನ್ನು ಕ್ಲಾಸಿನಲ್ಲೇ ಹಾಕಿ, ನಿಜವಾ ಮೇಡಂ ಅಂತ ಕೇಳಿದರಂತೆ. ಗಂಡನನ್ನು ಸುಳ್ಳುಗಾರ ಅನ್ನಲಾರದೆ ನೀನು ಸುಮ್ಮನೆ ನಿಂತೆಯಂತೆ. ಅತ್ತೆ ಫೋನಿನಲ್ಲಿ ಹೇಳಿದರು. ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ, ಯದು.

ನೀನು ಹೇಳಿದ್ದೇ ಬೇರೆ. ಒಮ್ಮೆ ದೊಡ್ಡ ನಂದಿಯ ಹತ್ತಿರ ನಿಂತು, ನೋಡಿ, ಇಲ್ಲಿ ಬೆಳಗಿನಿಂದ ಗುಂಪಿದೆ, ಆದರೆ ಅದೇ ಜನ ಅಲ್ಲ ಅಂದಿದ್ದೆ. ಗೆಲಾಕ್ಸಿಯ ತೋಳುಗಳೂ ಹಾಗೇ ಅಂತೆ. ಕೋಟ್ಯಂತರ ನಕ್ಷತ್ರಗಳು ಸುತ್ತುತ್ತಾ ಬಂದು ಅಲ್ಲಿ ಒತ್ತೊತ್ತಾಗಿ, ಮತ್ತೆ ದಾಟಿ ಹೋಗುತ್ತವೆ. ಹೊಸ ನಕ್ಷತ್ರಗಳು ಹುಟ್ಟುವುದೂ ಅಲ್ಲೇ, ಅದಕ್ಕೇ ಆ ಹೊಳಪು. ಬಾಲದ ಹಾಗೆ ಮೈಗಂಟಿ ಸುತ್ತಿಕೊಂಡ ವಸ್ತುವೇ ಅಲ್ಲ ಅದು. ನನಗೆ ಅಂದೇ ಅರ್ಥವಾಗಿತ್ತು. ಅರ್ಥವಾಗಿಯೂ ಸುಳ್ಳು ಹೇಳಿದೆ.

ಇವತ್ತು ಬೆಳಗ್ಗೆ ಅದೇ ಗೋಡೆಯ ಮುಂದೆ, ಇದು ಮಕರ, ಇದು ಅದರ ಬಾಲ, ಅಷ್ಟೇ ಅಂದೆ. ಬಂದವರು ಮೆಲ್ಲಗೆ ಇನ್ನೊಬ್ಬ ಗೈಡ್ ಭೀಮರಾಜನ ಕಡೆ ಸರಿದರು. ಅವನು, ಏನ್ಲಾ ಮಾಧವ, ಆಕಾಸದಲ್ಲಿದ್ದೋನು ಬಾಲಕ್ಕೆ ಬಂದ್ಬುಟ್ಯಲ್ಲ ಅಂದ.

ಬುಧವಾರ ನಿನ್ನ ಕ್ಲಾಸಿಗೆ ಬರಲಾ? ಸುಳ್ಳು ನನ್ನದು, ಮೇಡಂದಲ್ಲ ಎಂದು ಹುಡುಗರ ಮುಂದೆ ಹೇಳುತ್ತೇನೆ. ಬೇಡವೆಂದರೆ ಬರುವುದಿಲ್ಲ. ನೀನು ಮಾತ್ರ ಮನೆಗೆ ಬಾ. ನೀನು ಡಬ್ಬಿಗೆ ತುಂಬಿಟ್ಟುಹೋದ ಎಳ್ಳು ಬೆಲ್ಲ ಹಾಗೇ ಇದೆ.

ನಿನ್ನೆದುರು ತಲೆ ಎತ್ತಲಾರದ,
ಮಾಧವ

ತಾ. ಕ.: ರೇಗಿಹೋಗಿ ಅಂದೆ ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ವಿಡಿಯೊದಲ್ಲಿ ಯಾರೂ ನಗುವುದಿಲ್ಲ, ನೀನು ನೋಡಿರುತ್ತೀಯ. ನೀನು ನಂದಿಯ ಹತ್ತಿರ ಹೇಳಿದ ಮಾರನೆಯ ದಿನದಿಂದಲೇ ಬಂದ ಗುಂಪಿಗೆಲ್ಲ ಆ ಗೆಲಾಕ್ಸಿಯ ಸುಳ್ಳನ್ನೇ ಹೇಳುತ್ತಿದ್ದೆ. ನನ್ನ ಹೆಂಡತಿ ಹೇಳಿದ್ದು ಅಂದಾಗ ಜನ ನನ್ನನ್ನು ನೋಡುವ ರೀತಿಯೇ ಬದಲಾಗುತ್ತಿತ್ತು. ಹುಡುಗರ ಮುಂದೆ ಇದನ್ನೂ ಹೇಳುತ್ತೇನೆ. ನಿನಗೆ ಮೊದಲು ತಿಳಿದಿರಲಿ.