ಎರಡು ವರ್ಷದ ಅನುಭವ

ಜೂನ್ 2, ಸೋಮವಾರ

ಇವತ್ತೂ ಎರಡು ಲ್ಯಾಬ್, ಒಂದು ನರ್ಸಿಂಗ್ ಹೋಂ. ಮೊದಲನೆಯ ಕಡೆ ಗಾಜಿನ ಬಾಗಿಲು ತಳ್ಳುವ ಮುಂಚೆಯೇ ರಿಸೆಪ್ಷನ್ ಹುಡುಗಿ ತಲೆ ಅಲ್ಲಾಡಿಸಿದಳು. ಕಂಕುಳಲ್ಲಿ ಫೈಲ್ ಇದ್ದರೆ ಸಾಕು, ಕೆಲಸ ಕೇಳಿಕೊಂಡು ಬಂದವಳು ಅಂತ ಗೊತ್ತಾಗಿಬಿಡುತ್ತದೆ. ಎರಡನೆಯ ಕಡೆ ಕೂರಿಸಿದರು. ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ಫಸ್ಟ್ ಕ್ಲಾಸ್ — ಎಲ್ಲ ಓದಿದರು. ಆಮೇಲೆ ಅದೇ ಪ್ರಶ್ನೆ.

"ಎಕ್ಸ್‌ಪೀರಿಯನ್ಸ್?"

"ಹೋದ ವರ್ಷ ಕೋರ್ಸ್ ಮುಗಿಸಿದೀನಿ ಸರ್. ಬೇಗ ಕಲಿತೀನಿ."

"ಕಲಿಯೋಕೆ ಕಾಲೇಜಿದೆಯಲ್ಲಮ್ಮ. ಇಲ್ಲಿ ಪೇಷಂಟ್ ಬರ್ತಾರೆ. ಎಲ್ಲಾದ್ರೂ ಒಂದೆರಡು ವರ್ಷ ಮಾಡ್ಕೊಂಡು ಬಾ."

ಎಲ್ಲರೂ 'ಎಲ್ಲಾದರೂ' ಅನ್ನುತ್ತಾರೆ. ಆ 'ಎಲ್ಲಾದರೂ' ಎಲ್ಲಿದೆ, ಯಾವ ಬಸ್ಸು ಹೋಗುತ್ತದೆ — ಕೇಳಬೇಕೆನ್ನಿಸಿತು. ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ನರ್ಸಿಂಗ್ ಹೋಮಿನ ಸೆಕ್ಯೂರಿಟಿಯವನು ಬಯೋಡಾಟಾ ತನ್ನ ಕೈಯಲ್ಲೇ ಕೊಟ್ಟು ಹೋಗಿ ಎಂದ. ಗೇಟು ದಾಟಿ ತಿರುಗಿ ನೋಡಿದರೆ ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗಾಡುವ ಮೇಜಿನ ಕಾಲಿಗೆ ತುರುಕುತ್ತಿದ್ದ. ಹೋಗಲಿ, ನನ್ನ ಫಸ್ಟ್ ಕ್ಲಾಸು ಯಾವುದಕ್ಕೋ ಆಸರೆಯಾಯಿತು.

ಜೂನ್ 5, ಗುರುವಾರ

ಎಲ್ಲೂ ಹೋಗಲಿಲ್ಲ. ಹೋಗಲು ಲ್ಯಾಬ್ ಉಳಿದಿಲ್ಲ.

ಅಮ್ಮ ನೆಲ ಒರೆಸುತ್ತ ನನ್ನ ಕಾಲ ಬಳಿ ಬಂದು ನಿಂತಳು. "ಕಾಲು ಎತ್ತು. ಎಂಟು ತಿಂಗಳಿಂದ ಇದೇ ಜಾಗ. ಇನ್ನೊಂದ್ ಸ್ವಲ್ಪ ದಿನ ಆದ್ರೆ ಬೇರು ಬಿಡ್ತೀಯ."

ಆಮೇಲೆ ತಾನೇ ಅತ್ತಳು. ಡಿಸೆಂಬರಿಗೆ ಅಪ್ಪ ರಿಟೈರ್. ಮೂವತ್ತೊಂದು ವರ್ಷ ಬಸ್ ಓಡಿಸಿದ್ದಾರೆ. ರಿಟೈರ್ ಆದ ತಿಂಗಳಲ್ಲೇ ಈ ಕ್ವಾರ್ಟರ್ಸ್ ಬಿಡಬೇಕು. ಎಲ್ಲಿಗೆ ಅನ್ನುವ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನನ್ನ ಕೆಲಸದ ಮಾತಾಡಿದಾಗಲೆಲ್ಲ ಅದನ್ನೇ ಆಡಿದ ಹಾಗೆ.

ಜೂನ್ 8, ಭಾನುವಾರ

ಅಕ್ಕ, ಭಾವ ಬಂದಿದ್ದರು. ಭಾವನದು ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್, ಡಿಟಿಪಿ ಅಂಗಡಿ. ಅಕ್ಕ ಅಡುಗೆಮನೆಗೆ ಹೋದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಅನುಭವ ಪತ್ರ ಅಂದ್ರೆ ಏನಮ್ಮ? ಒಂದು ಪೇಪರು, ಒಂದು ಸೀಲು."

"ಭಾವ..."

"ಕೇಳು ಸ್ವಲ್ಪ. ಸೇತುವೆ ಪಕ್ಕ ಒಂದು ಲ್ಯಾಬ್ ಇತ್ತಲ್ಲ, ಹೋದ ವರ್ಷ ಮುಚ್ತಲ್ಲ, ಅದರ ಲೆಟರ್‌ಹೆಡ್ ಮಾಡ್ತಿದ್ದಿದ್ದೇ ನಾನು. ಫೈಲು ಇನ್ನೂ ಕಂಪ್ಯೂಟರಲ್ಲಿದೆ. ಡಾಕ್ಟ್ರು ತೀರ್ಕೊಂಡ್ರು. ಯಾರಾದ್ರೂ ವಿಚಾರಿಸ್ತೀನಿ ಅಂದ್ರೂ ಸತ್ತವರು ಫೋನ್ ಎತ್ತಲ್ಲ."

ಬೇಡ ಅಂದೆ. ಖಂಡಿತ ಬೇಡ ಅಂದೆ. "ನಿನ್ನಿಷ್ಟ" ಅಂತ ಪೇಪರ್ ಓದುತ್ತ ಕೂತರು.

ಜೂನ್ 11, ಬುಧವಾರ

ಹಿಂದೆ ಅರ್ಜಿ ಕೊಟ್ಟಿದ್ದ ಒಂದು ಲ್ಯಾಬಿನವರು ಫೋನ್ ಮಾಡಿ ಕರೆದಿದ್ದರು! ಬೆಳಿಗ್ಗೆ ಆರಕ್ಕೇ ಎದ್ದು ಬಟ್ಟೆ ಇಸ್ತ್ರಿ ಮಾಡಿದೆ. ಹೋದರೆ ಒಂದು ಹುದ್ದೆಗೆ ಇಪ್ಪತ್ತಮೂರು ಜನ. ಕಾಲೇಜಿನಲ್ಲಿ ನನ್ನ ರೆಕಾರ್ಡ್ ಬುಕ್ ನೋಡಿ ಬರೆಯುತ್ತಿದ್ದವಳೂ ಅಲ್ಲಿದ್ದಳು. ಅವಳನ್ನೇ ತೆಗೆದುಕೊಂಡರು. ಅವಳ ಚಿಕ್ಕಪ್ಪನ ಕ್ಲಿನಿಕ್ ಇದೆ, ಅಲ್ಲಿಯ ಪತ್ರ ಇತ್ತು. ಆ ಕ್ಲಿನಿಕ್ಕಿನಲ್ಲಿ ಒಂದು ಮೈಕ್ರೋಸ್ಕೋಪ್ ಕೂಡ ಇಲ್ಲ ಅಂತ ಅವಳೇ ಹಿಂದೆ ನಗುತ್ತ ಹೇಳಿದ್ದಳು.

ಬಸ್ಸಿನಲ್ಲಿ ಅಳು ಬಂತು. ಕಿಟಕಿ ಕಡೆ ತಿರುಗಿದೆ. ಕಿಟಕಿಗೆ ಗಾಜಿರಲಿಲ್ಲ, ಹೊರಗಿನವರಿಗೂ ಕಂಡಿತು.

ಸ್ಟಾಪಿನಲ್ಲಿ ಇಳಿದು ಭಾವನಿಗೆ ಫೋನ್ ಮಾಡಿದೆ. "ಹೂಂ" ಅಂದೆ ಅಷ್ಟೇ. ಅವರಿಗೆ ಅರ್ಥವಾಯಿತು.

ಜೂನ್ 13, ಶುಕ್ರವಾರ

ಪತ್ರ ಬಂತು. ಎರಡು ವರ್ಷ, ಕಾಲೇಜು ಓದುತ್ತಲೇ ಬೆಳಗಿನ ಹೊತ್ತು ಕೆಲಸ ಮಾಡಿದ ಹಾಗೆ. 'ಶಿಸ್ತು, ಶ್ರದ್ಧೆ, ಕೈಚಳಕ' ಅಂತೆಲ್ಲ ಬರೆದಿದ್ದಾರೆ. ಕೊನೆಗೆ ಡಾಕ್ಟರ ಸಹಿ. ಭಾವನ ಅಕ್ಷರವೇ ಚೆನ್ನಾಗಿಲ್ಲ, ಸಹಿ ಮಾತ್ರ ಎಷ್ಟು ಚೆನ್ನಾಗಿ ಬಂದಿದೆ. ಅಕ್ಕನಿಗೆ ಹೇಳಬೇಡ ಅಂದರು.

ಜೂನ್ 16, ಸೋಮವಾರ

ಸಿಕ್ಕಿತು. ಕೆಲಸ ಸಿಕ್ಕಿತು. ಎರಡು ಸಲ ಬರೆದು ನೋಡಿದರೂ ಖುಷಿ ಆಗುತ್ತಿಲ್ಲ.

ಮಾರ್ಕೆಟ್ ರಸ್ತೆಯ ಲ್ಯಾಬ್. ಎರಡು ವರ್ಷದ ಅನುಭವ ಬೇಕು ಅಂತ ಬೋರ್ಡ್ ಇದ್ದುದರಿಂದ ಇಷ್ಟು ದಿನ ಒಳಗೇ ಹೋಗಿರಲಿಲ್ಲ. ಒಡತಿ ಡಾಕ್ಟರ್ ಮೇಡಮ್, ಅರವತ್ತರ ಹತ್ತಿರದವರು. ಪತ್ರ ಓದಿ ಕನ್ನಡಕ ತೆಗೆದರು.

"ಇವ್ರ ಲ್ಯಾಬಲ್ಲಿದ್ಯಾ ನೀನು?"

"ಹೌದು ಮೇಡಮ್."

"ನಾವಿಬ್ರೂ ಒಂದೇ ಬ್ಯಾಚು. ಕೊನೇ ದಿನಗಳಲ್ಲಿ ನೋಡೋಕೆ ಹೋಗೋಕಾಗ್ಲಿಲ್ಲ ನಂಗೆ. ಹೇಗಿದ್ರು?"

ಸತ್ಯ ಹೇಳುವುದಾದರೆ ಅದೇ ಹೊತ್ತು. ಮೇಡಮ್ ಕಾಯುತ್ತಿದ್ದರು — ಕೆಲಸ ಕೊಡುವವರ ಹಾಗಲ್ಲ, ಸ್ನೇಹಿತನ ಸುದ್ದಿ ಕೇಳುವವರ ಹಾಗೆ.

"ತುಂಬಾ ತಾಳ್ಮೆ ಮೇಡಮ್. ಯಾರ ಮೇಲೂ ರೇಗ್ತಿರ್ಲಿಲ್ಲ."

ಮೇಡಮ್ ತಲೆಯಾಡಿಸಿದರು. ಬೇರೇನೂ ಕೇಳಲಿಲ್ಲ. ಗುರುವಾರದಿಂದ ಬರಲು ಹೇಳಿದರು. ನಾನು ಆ ಮನುಷ್ಯನ ಮುಖವನ್ನೇ ನೋಡಿಲ್ಲ.

ಜೂನ್ 17, ಮಂಗಳವಾರ

ಕಾಲೇಜಿನಲ್ಲಿ ರಬ್ಬರ್ ಕೈಗೆ ಸೂಜಿ ಚುಚ್ಚಿ ಕಲಿತದ್ದು. ಜೀವ ಇರುವ ಕೈ ಸಿಕ್ಕಿದ್ದು ಎರಡೋ ಮೂರೋ ಸಲ, ಅದೂ ಮೇಲ್ವಿಚಾರಕಿ ನನ್ನ ಬೆರಳು ಹಿಡಿದುಕೊಂಡು. ಗುರುವಾರ ಏನು ಮಾಡಲಿ?

ಅಪ್ಪನಿಗೆ ಅರ್ಧ ಮಾತ್ರ ಹೇಳಿದೆ — ಪ್ರಾಕ್ಟೀಸ್ ತಪ್ಪಿಹೋಗಿದೆ ಅಂತ. ಅವರು ಶರ್ಟಿನ ತೋಳು ಮಡಿಸಿ ಊಟದ ಮೇಜಿನ ಮೇಲೆ ಕೈ ಚಾಚಿಬಿಟ್ಟರು.

"ಮೂವತ್ತೊಂದು ವರ್ಷ ಸ್ಟೇರಿಂಗ್ ತಿರುಗಿಸಿದ ಕೈ. ನರ ಎಲ್ಲಾ ಹಗ್ಗದ ಥರ ಇದೆ. ಇದೂ ಸಿಗ್ಲಿಲ್ಲ ಅಂದ್ರೆ ನೀನು ಬೇರೆ ಕೋರ್ಸ್ ಮಾಡು."

ಅಮ್ಮ ರಕ್ತ ನೋಡಲಾರದೆ ಹಿತ್ತಿಲಿಗೆ ಹೋದಳು. ಮೊದಲನೆಯದು ತಪ್ಪಿತು. ಎರಡನೆಯದೂ. ಅಪ್ಪ ಗೋಡೆ ನೋಡುತ್ತ ಡಿಪೋದ ಜೋಕ್ ಹೇಳುತ್ತಿದ್ದರು. ನಡುವೆ ಒಮ್ಮೆ ಮಾತು ನಿಂತಿತು, ಮತ್ತೆ ಶುರುವಾಯಿತು. ಐದನೆಯದಕ್ಕೆ ಸಿರಿಂಜಿಗೆ ರಕ್ತ ಬಂತು.

"ಬಂತಾ? ಬಂತಲ್ಲ!" ಗೆದ್ದವರ ಹಾಗೆ ಕೂಗಿದರು. ಮೊಣಕೈ ಮಡಿಕೆಯಲ್ಲಿ ಆಗಲೇ ನೀಲಿಗಟ್ಟಿತ್ತು.

ಜೂನ್ 19, ಗುರುವಾರ

ಮೊದಲ ದಿನ. ಬಿಳಿ ಕೋಟು ಭುಜದಲ್ಲಿ ದೊಡ್ಡದು. ಇಲ್ಲಿಯ ಹಿರಿಯ ಟೆಕ್ನಿಷಿಯನ್‌ಗೆ ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಮಾತು ಕಡಿಮೆ. ಹದಿನಾಲ್ಕು ಜನರ ರಕ್ತ ತೆಗೆದೆ, ಇಬ್ಬರಿಗೆ ಎರಡೆರಡು ಸಲ ಚುಚ್ಚಿದೆ. ಮೇಷ್ಟ್ರು ನೋಡಿದರು. ಕೈಗೆ ರಬ್ಬರ್ ಪಟ್ಟಿ ಕಟ್ಟುವಾಗ ಮಾತ್ರ ಹತ್ತಿರ ಬಂದು, "ಇನ್ನೂ ನಾಲ್ಕು ಬೆರಳು ಮೇಲೆ" ಅಂದರು. ಎರಡು ವರ್ಷ ಮಾಡಿದವಳಿಗೆ ಅದನ್ನು ಹೇಳಬೇಕಾಗಿತ್ತೆ? ಹೇಳಿದರು. ಪಟ್ಟಿ ಬಿಚ್ಚಿ ಮೇಲೆ ಕಟ್ಟಿದೆ.

ಜೂನ್ 24, ಮಂಗಳವಾರ

ಸೇರಿದ ಮೇಲೆ ಇದು ಮೂರನೆಯ ಸ್ಯಾಂಪಲ್ ಹಾಳಾದದ್ದು. ಪೇಷಂಟನ್ನು ವಾಪಸ್ ಕರೆಸಿ ಮತ್ತೆ ರಕ್ತ ತೆಗೆಯಬೇಕಾಯಿತು. ಅವರು ರಿಸೆಪ್ಷನ್‌ನಲ್ಲಿ ಕೂಗಾಡಿದರು. ಮೇಡಮ್ ಕರೆದರು. ಬೈಯಲಿಲ್ಲ. "ಇನ್ನೊಂದ್ ಸಲ ಹೀಗಾದ್ರೆ ನಾನು ಯೋಚನೆ ಮಾಡ್ಬೇಕಾಗುತ್ತೆ" ಅಂದರು, ಅಷ್ಟೇ.

ಮನೆಯಲ್ಲಿ ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. "ನಮ್ಮ ಹುಡುಗಿ ಲ್ಯಾಬಲ್ಲಿ ಇದಾಳೆ." ಆ ಧ್ವನಿ ಕೇಳಿ ಎಷ್ಟು ದಿನವಾಗಿತ್ತು.

ಜುಲೈ 1, ಮಂಗಳವಾರ, ಮಧ್ಯಾಹ್ನ 2.40

ಲ್ಯಾಬಿನ ಸ್ಟೋರ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಿಗ್ಗೆ ಒಬ್ಬ ಅಜ್ಜಿ ಬಂದಿದ್ದರು, ಮಗನ ತೋಳು ಹಿಡಿದುಕೊಂಡು. ಹೃದಯದ ಮಾತ್ರೆ ತೆಗೆದುಕೊಳ್ಳುತ್ತಾರೆ, ಪೊಟ್ಯಾಸಿಯಂ ನೋಡಬೇಕು. ನರ ದಾರದಂತೆ ಸಣ್ಣದು. ಮೂರು ಸಲ ಚುಚ್ಚಿದೆ. ಅಜ್ಜಿ "ಪರವಾಗಿಲ್ಲ ಮಗಳೇ, ನಿಧಾನ" ಅನ್ನುತ್ತಿದ್ದರು. ಸಿರಿಂಜು ಜೋರಾಗಿ ಎಳೆದೆ. ಟ್ಯೂಬಿಗೂ ಜೋರಾಗಿ ನೂಕಿದೆ. ಹಾಗೆ ಮಾಡಿದರೆ ರಕ್ತಕಣ ಒಡೆಯುತ್ತವೆ, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಮೊದಲ ವರ್ಷದ ಪಾಠ ಅದು. ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಿತ್ತು ನನಗೆ.

ರಕ್ತ ತಿರುಗಿಸುವ ಮಿಷನ್ನಿನಿಂದ ತೆಗೆದಾಗ ಮೇಲೆ ನಿಲ್ಲುವ ತಿಳಿ, ಸೀರಮ್, ಹಳದಿ ಇರಬೇಕಿತ್ತು. ಕೆಂಪಗಿತ್ತು. ರಿಸಲ್ಟ್ 6.9. ಅಷ್ಟಿದ್ದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು ಅಂತ ಅರ್ಥ. ಎಸೆದು ಮತ್ತೆ ತೆಗೆಯಬೇಕಿತ್ತು. ಮೇಷ್ಟ್ರು ಊಟಕ್ಕೆ ಹೋಗಿದ್ದರು. ಅಜ್ಜಿಯ ಡಾಕ್ಟರ ಕಡೆಯಿಂದ ಫೋನಿನ ಮೇಲೆ ಫೋನು. ಮತ್ತೆ ಸ್ಯಾಂಪಲ್ ಬೇಕು ಅಂದರೆ ನಾಲ್ಕನೆಯದಾಗುತ್ತಿತ್ತು...

ಕಳಿಸಿಬಿಟ್ಟೆ. 6.9 ಅಂತಲೇ ಕಳಿಸಿದೆ.

ಈಗ ಮಗ ಫೋನ್ ಮಾಡಿದ್ದ. "ಅಡ್ಮಿಟ್ ಮಾಡಿ ಅಂದಿದಾರೆ, ಪೊಟ್ಯಾಸಿಯಂ ಇಳಿಸೋ ಇಂಜೆಕ್ಷನ್ ಕೊಡ್ಬೇಕಂತೆ. ಆಂಬುಲೆನ್ಸಲ್ಲಿದೀವಿ. ಇನ್ನೊಂದು ಕಾಪಿ ವಾಟ್ಸಾಪ್ ಮಾಡ್ತೀರಾ ಸಿಸ್ಟರ್?"

ಇಲ್ಲದ ಪೊಟ್ಯಾಸಿಯಂ ಇಳಿಸಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಆಗಲೂ ಹೃದಯ ನಿಲ್ಲಬಹುದು.

ಅಲ್ಲಿ ಮತ್ತೆ ಟೆಸ್ಟ್ ಮಾಡಬಹುದು. ದೊಡ್ಡ ಆಸ್ಪತ್ರೆ, ಮಾಡೇ ಮಾಡುತ್ತಾರೆ. ಮಾಡದಿದ್ದರೆ? ಅವಸರದಲ್ಲಿ ನಮ್ಮ ರಿಪೋರ್ಟನ್ನೇ ನಂಬಿದರೆ?

ಹೊರಗೆ ಮೇಷ್ಟ್ರ ಚಪ್ಪಲಿ ಸದ್ದು. ಬಂದರು.

ಅದೇ ದಿನ, ಸಂಜೆ 6

ಮನೆಗೆ ಹೋಗಿಲ್ಲ. ಪಾರ್ಕಿನ ಬೆಂಚು.

ಟ್ಯೂಬ್ ತೆಗೆದು ಮೇಷ್ಟ್ರ ಮುಂದೆ ಹಿಡಿದು ಎಲ್ಲ ಹೇಳಿದೆ. ಬೆಳಕಿಗೆ ಎತ್ತಿ ನೋಡಿದರು. ಆಸ್ಪತ್ರೆಗೆ ಫೋನ್ ಹಚ್ಚಿದರು. "ರಿಪೋರ್ಟ್ ತಪ್ಪಿದೆ, ಇಂಜೆಕ್ಷನ್ ಕೊಡ್ಬೇಡಿ, ಮೊದ್ಲು ಹೊಸ ಸ್ಯಾಂಪಲ್ ತಗೊಳ್ಳಿ" — ಮೂರು ಜನರಿಗೆ ಮೂರು ಸಲ ಹೇಳಿದರು. ನಾಲ್ಕನೆಯವರು ಎಮರ್ಜೆನ್ಸಿ ಡಾಕ್ಟರು. ಸಿರಿಂಜಿಗೆ ಔಷಧಿ ತುಂಬಿಯಾಗಿತ್ತಂತೆ.

ಆಮೇಲೆ ನನ್ನ ಕಡೆ ತಿರುಗಿದರು. "ನೀನೇ ಹೇಳ್ತೀಯೋ, ನಾನು ಹೇಳ್ಲೋ?"

ಮೇಡಮ್ ರೂಮಿಗೆ ನಾನೇ ಹೋದೆ. ಎಲ್ಲ ಕೇಳಿದ ಮೇಲೆ ಅವರಿಗೆ ಅರ್ಥವಾಗದ್ದು ಒಂದೇ. "ಎರಡು ವರ್ಷ ಮಾಡಿದವಳು ನೀನು. ಅವ್ರು ಇಷ್ಟೂ ಹೇಳ್ಕೊಡ್ಲಿಲ್ವಾ?"

ಸತ್ತವರ ಮೇಲೆ ಹೋಯಿತು ಮಾತು. ಅದನ್ನು ತಡೆದುಕೊಳ್ಳಲಾಗಲಿಲ್ಲ.

"ನಾನು ಅವ್ರ ಹತ್ರ ಕೆಲಸ ಮಾಡೇ ಇಲ್ಲ ಮೇಡಮ್. ನೋಡೂ ಇಲ್ಲ. ಪತ್ರ ಸುಳ್ಳು."

ಮೇಡಮ್ ಡ್ರಾಯರಿನಿಂದ ಆ ಪತ್ರ ತೆಗೆದು ಮೇಜಿನ ಮೇಲಿಟ್ಟರು. "ತುಂಬಾ ತಾಳ್ಮೆ ಅಂದ್ಯಲ್ಲ," ಅಂದರು. "ಅವತ್ತು ಮನೆಗೆ ಹೋಗಿ ಅವ್ರ ಹೆಂಡತಿಗೆ ಫೋನ್ ಮಾಡಿ ಹೇಳ್ದೆ ನಾನು, ನಿಮ್ಮವರ ಹತ್ರ ಕಲಿತ ಹುಡುಗಿ ಸಿಕ್ಕಿದ್ಲು ಅಂತ. ಪಾಪ, ಎಷ್ಟು ಸಂತೋಷಪಟ್ರು."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೋಟು ಬಿಚ್ಚಿ ಮೊಳೆಗೆ ಹಾಕಿ ಬಂದೆ.

ಜುಲೈ 2, ಬುಧವಾರ

ಮೇಷ್ಟ್ರು ಫೋನ್ ಮಾಡಿದ್ದರು. ಅಜ್ಜಿಯ ಹೊಸ ರಿಪೋರ್ಟ್ 4.3, ಪೂರ್ತಿ ನಾರ್ಮಲ್. ಮನೆಗೆ ಹೋದರಂತೆ.

"ಮೊದಲ ದಿನವೇ ಗೊತ್ತಾಯ್ತು ನಂಗೆ, ಪಟ್ಟಿ ಕಟ್ಟೋದು ನೋಡಿ. ಕಲ್ತ್ಕೋತಾಳೆ ಅಂತ ಸುಮ್ನಿದ್ದೆ. ಸುಮ್ನಿದ್ದಿದ್ದು ನನ್ನ ತಪ್ಪೂ ಹೌದು."

ಒಂದು ಪತ್ರ ಕೊಡುತ್ತೀರಾ, ಇದ್ದ ದಿನಗಳಿಗೆ ಮಾತ್ರ, ಅಂತ ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ. ಅದು ಮೇಡಮ್ ಕೈಯಲ್ಲಿದೆ, ಕೊಡುವುದಿಲ್ಲ ಅಂದರು.

ಜುಲೈ 23, ಬುಧವಾರ

ಮೂರು ವಾರ ಪೆನ್ನು ಮುಟ್ಟಿರಲಿಲ್ಲ. ಮನೆಯಲ್ಲಿ ಎಲ್ಲ ಹೇಳಿದ್ದಾಯಿತು.

ಭಾವ ಒಮ್ಮೆ ಬಂದು ಬಾಗಿಲಲ್ಲೇ ನಿಂತು "ನನ್ನ ಹೆಸರು ಹೇಳಿದ್ಯಾ?" ಅಂತ ಕೇಳಿದರು. ಇಲ್ಲ ಅಂದೆ. ನೀರೂ ಕುಡಿಯದೆ ಹೋದರು. ಅಕ್ಕನಿಗೆ ವಿಷಯ ತಿಳಿದಿದೆ. ಅವಳು ಭಾವನ ಹತ್ತಿರವೂ ಮಾತಾಡುತ್ತಿಲ್ಲ, ನನ್ನ ಹತ್ತಿರವೂ. ಅಮ್ಮ ಪಕ್ಕದ ಮನೆಯವರನ್ನು ಕಂಡರೆ ಒಳಗೆ ಬರುತ್ತಾಳೆ. ಬೇರು ಬಿಡುವ ಮಾತು ಈಗ ಆಡುವುದಿಲ್ಲ. ಆಡಿದರೆ ಸಾಕಾಗಿತ್ತು.

ಕೆಲವು ದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೇ ಆಗಲಿಲ್ಲ. ಎದ್ದು ಏನು ಮಾಡಬೇಕು?

ಇವತ್ತು ಅಪ್ಪ ಡ್ಯೂಟಿಗೆ ಹೊರಟವರು ಮಂಚದ ಅಂಚಿಗೆ ಕೂತು, "ಆ ಅಜ್ಜಿ ಚೆನ್ನಾಗಿದಾರಾ?" ಅಂದರು. ಇಷ್ಟು ದಿನದಲ್ಲಿ ಕೇಳಿದ್ದು ಅದೊಂದೇ. ಹೂಂ ಅಂದೆ. "ಸರಿ ಹಾಗಾದ್ರೆ. ಎದ್ದು ಮುಖ ತೊಳ್ಕೊ."

ಜುಲೈ 28, ಸೋಮವಾರ, ಬೆಳಿಗ್ಗೆ 10.20

ಬ್ಲಡ್ ಬ್ಯಾಂಕ್, ಮೂರನೆಯ ಮಹಡಿ. ಕೆಲಸದ ಫಾರ್ಮ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದ್ದಾರೆ. ತಿದ್ದಿದರೆ ತಿರಸ್ಕರಿಸುತ್ತಾರಂತೆ. ಅದಕ್ಕೇ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ.

ಅನುಭವ: ಹನ್ನೊಂದು ದಿನ.

ಪಕ್ಕದಲ್ಲಿ ಕೂತವಳು ಬಗ್ಗಿ ನೋಡಿದಳು. "ಹನ್ನೊಂದು ತಿಂಗಳಾ?"

"ದಿನ."

ನಕ್ಕಳು. ನಗುವಂಥದ್ದೇ. ಅವಳ ಫಾರ್ಮಿನಲ್ಲಿ ಆ ಜಾಗ ಖಾಲಿ ಇತ್ತು. ನಗು ನಿಲ್ಲಿಸಿ ಪೆನ್ನು ಕಚ್ಚುತ್ತ ಕೂತಳು.

ಅದರ ಕೆಳಗೆ ಇನ್ನೊಂದು ಸಾಲು. ಹಿಂದಿನ ಕೆಲಸ ಬಿಟ್ಟ ಕಾರಣ.

ವೈಯಕ್ತಿಕ. — ಅಲ್ಲ.

ಮನೆಯಲ್ಲಿ ತೊಂದರೆ. — ಅದೂ ಅಲ್ಲ.

ನಾನು ತೆಗೆದ ಸ್ಯಾಂಪಲ್ ಸರಿಯಿರಲಿಲ್ಲ. ಗೊತ್ತಿದ್ದೂ ರಿಪೋರ್ಟ್ ಕಳಿಸಿದೆ. ಆಮೇಲೆ ನಾನೇ ಹೋಗಿ ಹೇಳಿದೆ. — ಇದನ್ನೇ ಫಾರ್ಮಿಗೆ ಇಳಿಸುತ್ತೇನೆ.