ಬಳೆ ಆರಿದ ದಿನ

ಇಸವಿ ೨೧೭೧. ನನ್ನ ಮುನ್ನೂರ ಹದಿನಾಲ್ಕನೆಯ ಕರಾರು ಮುಗಿದು ಮುನ್ನೂರ ಹದಿನೈದನೆಯದು ಇನ್ನೂ ಹುಟ್ಟದ ದಿನ. ಈ ದಿನಕ್ಕೆ ನಮ್ಮ ಕ್ಯಾಲೆಂಡರಿನಲ್ಲಿ ತಾರೀಕಿಲ್ಲ.

ಮುತ್ತವ್ವ ಡಾಕ್ಟರ್ ಬಸಲಿಂಗಮ್ಮನಿಗೆ,

ನಿನ್ನ ಮೊಮ್ಮಗಳ ಮರಿಮಗಳು ಹುಲಿಗೆಮ್ಮ ಬರೆಯುತ್ತಿದ್ದೇನೆ. ನಾನೂ ಡಾಕ್ಟರೇ. ನನ್ನ ಕೆಲವು ಪದ ನಿನಗೆ ವಿಚಿತ್ರ ಅನ್ನಿಸಬಹುದು, ಮನ್ನಿಸು. ಅವನ್ನು ನಾವು ಬಯಸಿ ಕಟ್ಟಿದ್ದಲ್ಲ, ನಮ್ಮ ಕೊರಳಿಗೆ ಕಟ್ಟಿದ್ದು.

ನಿನ್ನ ನೇಮಕದ ಕಾಗದ ನಮ್ಮ ಟ್ರಂಕಿನಲ್ಲಿ ಇನ್ನೂ ಇದೆ. ಹನ್ನೊಂದು ತಿಂಗಳ ತಾತ್ಕಾಲಿಕ ವೈದ್ಯೆ. ಆಮೇಲೆ ಒಂದು ದಿನ ಕೆಲಸದಿಂದ ಹೊರಗೆ. ಮರುದಿನ ಮತ್ತೆ ಹೊಸದಾಗಿ ಒಳಗೆ. ಕಾಯಂ ಮಾಡಿ ಎಂದು ನೀನು ಕೇಳಬಾರದೆಂದು ಕತ್ತರಿಸಿದ ದಿನ ಅದು. ಕಾಗದದ ಬೆನ್ನಿಗೆ ನೀನು ಪೆನ್ಸಿಲಿನಲ್ಲಿ ಬರೆದಿದ್ದೀಯ: ‘ಹೋಗ್ಲಿ ಬಿಡು, ಒಂದಿನ ಅಲ್ಲೇನು. ಕೂಸಿಗಿ ಎಣ್ಣಿ ಹಚ್ಚಿ ಎರಿತೀನಿ.’

ಮುತ್ತವ್ವ, ಆ ‘ಹೋಗ್ಲಿ ಬಿಡು’ ನಮ್ಮ ಮನೆ ತಿಂದಿತು.

ನಿನ್ನ ಹನ್ನೊಂದು ತಿಂಗಳು ಮುಂದೆ ಹನ್ನೊಂದು ವಾರವಾಯಿತು. ನನ್ನ ಅವ್ವನ ಕಾಲಕ್ಕೆ ಹನ್ನೊಂದು ದಿನಕ್ಕೆ ಇಳಿಯಿತು. ಈಗ ಯಾವ ಊರಿಗೂ ತನ್ನ ಡಾಕ್ಟರಿಲ್ಲ. ಬದಲಿಕೂಟ ಎಂಬ ಸಂಸ್ಥೆ ನಮ್ಮನ್ನು ಊರಿಂದೂರಿಗೆ ಸಾಗಿಸುತ್ತದೆ. ಮಣಿಕಟ್ಟಿಗೆ ಕರಾರುಬಳೆ ತೊಡಿಸಿದ್ದಾರೆ. ಕರಾರು ಇರುವಷ್ಟು ದಿನ ಅದು ಹಸಿರಾಗಿ ಉರಿಯುತ್ತದೆ, ದವಾಖಾನೆಯ ಔಷಧಿ ಕಪಾಟು ಅದನ್ನು ಕಂಡರಷ್ಟೇ ತೆರೆಯುತ್ತದೆ. ಹನ್ನೊಂದು ದಿನ ಮೂರು ಊರು ತಿರುಗುತ್ತೇವೆ, ಹಿಂದಿನ ಡಾಕ್ಟರು ಎದ್ದುಹೋದ ಬಿಸಿ ಆರದ ಮಂಚದಲ್ಲಿ ಮಲಗುತ್ತೇವೆ, ರೋಗಿಯ ಹೆಸರು ನೆನಪಿಗೆ ಹತ್ತುವಷ್ಟರಲ್ಲಿ ಗಾಡಿ ಹತ್ತುತ್ತೇವೆ. ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಳೆ ಆರುತ್ತದೆ. ಅದು ಮುರಿದಿನ. ಆ ದಿನ ನಾವು ಡಾಕ್ಟರಲ್ಲ, ಮದ್ದು ಕೊಡಲು ರೋಗಿಯನ್ನು ಮುಟ್ಟಿದರೆ ಬಳೆ ಮತ್ತೆ ಯಾವತ್ತೂ ಹತ್ತುವುದಿಲ್ಲ. ಮನೆಗೆ ಹೋಗಲು ಸಿಗುವುದೂ ಅದೊಂದೇ ದಿನ.

ನನ್ನ ಮನೆ ಎಡದಂಡೆ ಕಾಲುವೆಯ ಕೇರಿಯಲ್ಲಿದೆ. ಗಂಡ ಅಂಬಣ್ಣ ನೆರಳುಮನೆಯಲ್ಲಿ ಜೋಳ ಬೆಳೆಯುತ್ತಾನೆ. ಬಯಲಿನ ಬಿಸಿಲಿಗೆ ಈಗ ಪೈರು ನಿಲ್ಲುವುದಿಲ್ಲ, ಹಾಗಾಗಿ ಪರದೆ ಕಟ್ಟಿದ ಹೊಲ. ಮಗಳು ನೀಲಮ್ಮ ನನಗೆ ತೋರಿಸಬೇಕೆಂದು ಬಿದ್ದ ಹಲ್ಲನ್ನು ಡಬ್ಬಿಯಲ್ಲಿ ಇಟ್ಟಿರುತ್ತಿದ್ದಳು, ಹನ್ನೊಂದು ದಿನದ ಚಾಡಿಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ನಿಮ್ಮವ್ವ ಯಾವಾಗ ಬರ್ತಾಳ ಎಂದು ಯಾರಾದರೂ ಕೇಳಿದರೆ ‘ಬಳಿ ಆರಿದಾಗ’ ಅನ್ನುತ್ತಿದ್ದಳು. ಅತ್ತೆ ಗಂಗಮ್ಮ ನನ್ನ ಪಾಲಿನ ಪುಂಡಿಪಲ್ಯ ಮುಚ್ಚಿಟ್ಟು ಬಾಗಿಲಲ್ಲೇ ಚುಚ್ಚುತ್ತಿದ್ದಳು: ‘ಬಂದ್ಳು ನೋಡ್ರಿ ಹನ್ನೆರಡನೇ ದಿನದ ಸೊಸಿ. ಬೀಗತಿಗಿ ನೀರು ಕೊಡ್ರಿ.’ ನಾವು ನಗುತ್ತಿದ್ದೆವು.

ಹೋದ ವರ್ಷ ಒಂದು ಮುರಿದಿನ ಮನೆಗೆ ಬಂದಾಗ ನೀಲಮ್ಮ ಓಡಿ ಬರಲಿಲ್ಲ. ಮೈ ಕೆಂಡವಾಗಿತ್ತು. ಅವಳ ತಲೆ ಬಾಗಿಸಿ ನೋಡಿದೆ, ಕತ್ತು ಸೆಟೆದು ಗದ್ದ ಎದೆಗೆ ತಾಗಲಿಲ್ಲ. ಮೆದುಳು ಜ್ವರ ಎಂದು ಗುರುತಿಸಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಬೇಕಾದ ಇಂಜೆಕ್ಷನ್ ಎರಡು ಓಣಿ ಆಚೆಯ ದವಾಖಾನೆಯ ಕಪಾಟಿನಲ್ಲಿತ್ತು. ಮಗಳನ್ನು ಎತ್ತಿಕೊಂಡು ಓಡಿದೆವು. ಗಾಜಿನೊಳಗೆ ಸೀಸೆ ಕಾಣುತ್ತಿತ್ತು, ನನ್ನ ಬಳೆ ಕಪ್ಪಗಿತ್ತು. ಹತ್ತಕ್ಕೆ ಬರಬೇಕಾದ ಬದಲಿ ಡಾಕ್ಟರು ಬಂದಿರಲಿಲ್ಲ.

ಅತ್ತೆ ಅಂಗಳದಿಂದ ಕಲ್ಲು ಎತ್ತಿಕೊಂಡು ಬಂದಳು. ‘ಹೊಡಿಯವ್ವ. ಮುದುಕಿ ಹೊಡದಾಳ ಅಂತ ಹೇಳ್ತೀನಿ. ಸೂಜಿ ನೀ ಚುಚ್ಚು.’

ನಾನು ಆ ಕಲ್ಲನ್ನು ಕೆಳಗೆ ಇಡಿಸಿದೆ. ‘ಈಗ ಬರ್ತಾರ ತಡಿ, ಅತ್ತಿ. ನಾ ಮುಟ್ಟಿದ್ರ ಜಲ್ಮದಾಗ ಬಳಿ ಹತ್ತಂಗಿಲ್ಲ’ ಅಂದೆ. ಚೀಟಿ ಹರಿದುಕೊಂಡು, ರೋಗಿಯ ಸಂಬಂಧಿ ಎಂದು ಬರೆದು, ಬೆಂಚಿನ ಮೇಲೆ ಸರದಿಯಲ್ಲಿ ಕೂತೆ. ಮುಟ್ಟಬಾರದು ಎಂಬ ಮಾತು ನಮ್ಮ ಕೇರಿಗೆ ಹೊಸದಲ್ಲ, ಮುತ್ತವ್ವ. ಅದನ್ನು ಇಷ್ಟು ಕಾಲ ಬೇರೆಯವರು ಹೇಳಿದರು. ಅವತ್ತು ನನ್ನ ಕೈಗೆ ನಾನೇ ಹೇಳಿಕೊಂಡೆ.

ಬದಲಿ ಡಾಕ್ಟರು ಬಂದಾಗ ಮೂರು ಗಂಟೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹಿಂದಿನ ಊರಿನ ಹೆರಿಗೆ ಮುಗಿಸಿ ಊಟವಿಲ್ಲದೆ ಓಡಿ ಬಂದಿದ್ದ. ಅವನ ಹಸಿರು ಬಳೆಗೆ ಕಪಾಟು ತೆರೆಯಿತು. ನೀಲಮ್ಮ ಬದುಕಿದಳು. ಎರಡೂ ಕಿವಿ ಹೋದವು.

ಈಗ ನಾನು ಬಂದರೆ ಅವಳು ಮೊದಲು ನನ್ನ ಮಣಿಕಟ್ಟು ನೋಡುತ್ತಾಳೆ, ಆಮೇಲೆ ಮುಖ. ಅತ್ತೆ ಚುಚ್ಚುವುದನ್ನು ಬಿಟ್ಟಿದ್ದಾಳೆ. ಪಲ್ಯ ಈಗಲೂ ಮುಚ್ಚಿಟ್ಟಿರುತ್ತಾಳೆ. ಹಾಗಿದ್ದೂ ನಾನು ಇಪ್ಪತ್ತೆಂಟು ಸಲ ಹೊಸ ಕರಾರಿಗೆ ಹೆಬ್ಬೆಟ್ಟು ಒತ್ತಿದ್ದೇನೆ. ಯಾಕೆಂದು ಕೇಳಬೇಡ, ನಿನಗೆ ಗೊತ್ತಿದೆ.

ಇವತ್ತು ಒತ್ತುವುದಿಲ್ಲ. ಈ ಸುತ್ತಿನ ಒಂಬತ್ತು ಮಂದಿ ಬಳೆ ಆರಿದವರು ಮನೆಗೆ ಹೋಗದೆ ನಮ್ಮ ಕೇರಿಯ ಇದೇ ದವಾಖಾನೆಯಲ್ಲಿ ಕೂತಿದ್ದೇವೆ. ಹೊರಗೆ ಇನ್ನೂ ರೋಗಿಗಳಿಲ್ಲ. ಅವರು ಬರುವ ಮೊದಲೇ ಕಪಾಟು ಒಡೆಯುತ್ತೇವೆ. ರೋಗಿ ಬಂದ ಮೇಲೆ ಧೈರ್ಯ ಹುಡುಕಿದವಳ ಗತಿ ನಾನು ಬಲ್ಲೆ. ನಾಳೆಯಿಂದ ಒಂಬತ್ತು ಬಳೆ ಹತ್ತುವುದಿಲ್ಲ, ಒಂಬತ್ತು ಮನೆಯ ಒಲೆ ಏನಾಗುತ್ತದೋ ತಿಳಿಯದು. ಇದನ್ನು ಕೇಳಿ ಅಂಬಣ್ಣ ಅಂದ: ‘ದಿನಾ ಮನ್ಯಾಗಿದ್ರ ನಿನ್ನ ಗುರ್ತು ಹಿಡಿಯಾಕ ನನಗ ಒಂದ್ ವಾರ ಬೇಕು.’

ನಿನ್ನಲ್ಲಿ ಕೇಳುವುದು ಒಂದೇ. ಆ ಒಂದು ದಿನ ನಿನ್ನನ್ನು ಹೊರಗಿಟ್ಟಾಗ ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ದವಾಖಾನೆಯ ಬಾಗಿಲಿಗೇ ಬಂದು ಕೂರು. ಎಣ್ಣೆ ಅಲ್ಲೇ ಹಚ್ಚು. ಏಳು ಅಂದರೆ ಏಳಬೇಡ.

ಕಲ್ಲು ಆರಿಸಿದವಳು ನೀಲಮ್ಮ. ಗಾಜು ಒಡೆಯುವ ಸದ್ದು ಅವಳಿಗೆ ಕೇಳುವುದಿಲ್ಲ. ಅದಕ್ಕೇ ಕಪಾಟಿನ ಕಬ್ಬಿಣದ ಬದಿಗೆ ಅಂಗೈ ಒತ್ತಿಕೊಂಡು ನಿಂತಿದ್ದಾಳೆ, ನನ್ನ ಕಡೆ ನೋಡುತ್ತಿದ್ದಾಳೆ.

ಪೆನ್ನು ಕೆಳಗಿಡುತ್ತೇನೆ.

ಹುಲಿಗೆಮ್ಮ